ಮೋನಪ್ಪ ಹಾಕಿದ ಅಡ್ಡ ಹಲಗೆ

ಕೈಯಲ್ಲಿರುವ ಚಹಾ ಆರಿದರೂ ಪರವಾಗಿಲ್ಲ... ಇದನ್ನು ಪೂರ್ತಿ ಓದಿಬಿಡಿ.

ಧಾರವಾಡದಲ್ಲಿ ಗಂಗಾಧರ ಅಂತ ಒಬ್ಬ ವ್ಯಾಪಾರಿ. ಮೂರು ಬಟ್ಟೆ ಅಂಗಡಿ, ಊರ ತುಂಬ ಹೆಸರು. ಮನಸ್ಸು ಒಳ್ಳೆಯದೇ... ನಾಲಿಗೆ ಮಾತ್ರ ಸ್ವಲ್ಪ ಖಾರ!

ಮನೆಯಲ್ಲಿ ಎಪ್ಪತ್ತೆರಡು ವರ್ಷದ ತಾಯಿ ಬಸಲಿಂಗವ್ವ. ಸಕ್ಕರೆ ಕಾಯಿಲೆ ಕಣ್ಣಿಗೆ ಬಡಿದು, ಮೂರು ವರ್ಷದಿಂದ ಅವರಿಗೆ ಏನೂ ಕಾಣುತ್ತಿರಲಿಲ್ಲ.

ಮದುವೆಯಾಗಿ ಬಂದಾಗಿನಿಂದ ಬಸಲಿಂಗವ್ವನದೊಂದು ನೇಮ. ಬೆಳಿಗ್ಗೆ ಸ್ನಾನ ಮಾಡಿ ಹಿತ್ತಲಿಗೆ ಹೋಗಿ, ಲಿಂಗಪೂಜೆಯ ಹೂವನ್ನು ತಮ್ಮ ಕೈಯಿಂದಲೇ ಹರಿಯಬೇಕು. ಕಣ್ಣು ಹೋದ ಮೇಲೂ ಗೋಡೆ ಹಿಡಿದು ಹೋಗುತ್ತಿದ್ದರು. ಒಂದು ದಿನ ಮೆಟ್ಟಿಲು ತಪ್ಪಿ ಬಿದ್ದು ಕೈ ಮುರಿಯಿತು.

ಅವತ್ತೇ ಗಂಗಾಧರ ಹಿತ್ತಲ ಬಾಗಿಲಿಗೆ ಚಿಲಕ ಜಡಿಸಿದ. ಅಂದಿನಿಂದ ಹೂವು ತಂದು ಕೊಡುವವಳು ಕೆಲಸದಾಕೆ.

ಬಸಲಿಂಗವ್ವ ಆ ಹೂವಿನಿಂದಲೇ ಪೂಜೆ ಮಾಡುತ್ತಿದ್ದರು. ಆದರೆ ಹೂಬುಟ್ಟಿ ಮುಂದಿಟ್ಟಾಗೆಲ್ಲ ಅವರ ಮುಖ ಬಾಡುತ್ತಿತ್ತು... ಅದು ಮಗನ ಕಣ್ಣಿಗೂ ಬಿತ್ತು.

ಅವ್ವನಿಗೆ ಗಾಳಿ-ಬೆಳಕು ಬೇಕು ಅಂತ ಗಂಗಾಧರ ಒಂದು ಐಡಿಯಾ ಮಾಡಿದ. ಹಿತ್ತಲ ಮೆಟ್ಟಿಲು ತೆಗೆದು, ಬಾಗಿಲಿನಿಂದ ಗಿಡಗಳ ತನಕ ಮರದ ಡೆಕ್, ಅಂದರೆ ಹಲಗೆ ಹಾಸಿದ ಜಗಲಿ, ಹಾಕಿಸುವುದು. ಸಂಜೆ ಕೈ ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದರಾಯಿತು!

ಓಣಿಯ ಮೋನಪ್ಪ ಬಡಿಗೇರನನ್ನು ಕರೆಸಿದ. ಕಿಡಕಿ ರಿಪೇರಿಯಿಂದ ಹಿಡಿದು ನಲ್ಲಿ ಸೋರುವುದರ ತನಕ ಎಲ್ಲದಕ್ಕೂ ಆ ಓಣಿಗೆ ಅವನೇ.

ಗಂಗಾಧರ ಮೊಬೈಲಿನಲ್ಲಿ ಒಂದು ರೆಸಾರ್ಟಿನ ಫೋಟೋ ತೋರಿಸಿದ. "ನೋಡು, ಹಲಗಿ ಎಲ್ಲಾ ಹಿಂಗ ನೆಟ್ಟಗ ಇರಬೇಕು. ಸುತ್ತಲೂ ರೇಲಿಂಗ್ ಬೇಕು."

"ಅವ್ವಾರನ್ನ ಒಂದೀಟು ಮಾತಾಡಿಸಿ ಹೋಗ್ತೀನ್ರಿ," ಅಂದ ಮೋನಪ್ಪ.

ಗಂಗಾಧರನಿಗೆ ಅಂಗಡಿಗೆ ಹೊತ್ತಾಗಿತ್ತು. ಹೂಂ ಅಂದು ಹೊರಟುಬಿಟ್ಟ.

ನಾಲ್ಕನೇ ದಿನ ಸಂಜೆ ಬಂದು ನೋಡುತ್ತಾನೆ... ತಲೆ ಕೆಟ್ಟುಹೋಯಿತು!

ಬಾಗಿಲಿನಿಂದ ಸ್ವಲ್ಪ ದೂರ ಹಲಗೆಗಳು ಉದ್ದಕ್ಕೆ. ಅಂಚಿನ ಹತ್ತಿರ ಬಂದ ಕೂಡಲೇ ಅಡ್ಡಕ್ಕೆ. ಎಡಗಡೆ ಒಂದು ಪಟ್ಟಿ ಓರೆಯಾಗಿ ಎತ್ತಲೋ ಹೋಗಿದೆ!

"ಏನೋ ಮೋನಪ್ಪಾ ಇದು? ಉಳದ ತುಂಡು ಎಲ್ಲಾ ಕೂಡಿಸಿ ಹಾಕೀಯೇನು? ನಾಳೆ ಕಿತ್ತು ನೆಟ್ಟಗ ಹಾಕು. ಆಗೂದಿಲ್ಲಂದ್ರ ಬ್ಯಾರೇದವರನ್ನ ಕರಸ್ತೀನಿ!"

ಮೋನಪ್ಪನಿಗೆ ಸಿಟ್ಟು ಬರಲಿಲ್ಲ. "ನಾಳಿ ಮುಂಜಾನೆ ಒಮ್ಮೆ ನೋಡ್ರಿ ಸಾಹುಕಾರ್ರ... ಆಮ್ಯಾಲೆ ಕೀಳು ಅಂದ್ರ ಕೀಳ್ತೀನಿ."

ಮರುದಿನ ಬೆಳಿಗ್ಗೆ ಗಂಗಾಧರ ವಾಕಿಂಗ್ ಮುಗಿಸಿ ಮನೆಗೆ ಬಂದ. ಹಿತ್ತಲ ಬಾಗಿಲು ಹಾರು ಹೊಡೆದಿತ್ತು...

ಓಡಿ ಹೋಗಿ ನೋಡಿದರೆ, ಡೆಕ್ಕಿನ ಮೇಲೆ ಅವ್ವ ಒಬ್ಬರೇ! ಕೈಯಲ್ಲಿ ಕೋಲಿಲ್ಲ, ಬರಿಗಾಲು. ರೇಲಿಂಗ್ ಇನ್ನೂ ಕೂರಿಸಿರಲಿಲ್ಲ. ಅಂಚಿನಿಂದ ಕೆಳಗೆ ಒಂದೂವರೆ ಅಡಿ, ಕಲ್ಲು ಹಾಸಿದ ನೆಲ.

ಕೂಗಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಮೋನಪ್ಪ ಕಂಡ.

ಅಂಚಿನ ಕೆಳಗೆ ಕಲ್ಲಿನ ಮೇಲೆ ಮೊಣಕಾಲೂರಿ ಕೂತಿದ್ದ. ಬಿದ್ದರೆ ಹಿಡಿಯಲು ಎರಡೂ ಕೈ ಚಾಚಿದ್ದ. ಗಂಗಾಧರನ ಕಡೆ ನೋಡಿ, ಕೂಗಬೇಡಿ ಅಂತ ತಲೆ ಅಲ್ಲಾಡಿಸಿದ.

ಬಸಲಿಂಗವ್ವ ಉದ್ದ ಹಲಗೆಯ ಮೇಲೆ ಅಂಗಾಲು ಸವರುತ್ತ ಬಂದರು... ಇನ್ನು ಮೂರು ಹೆಜ್ಜೆ... ಎರಡು...

ಕಾಲ್ಬೆರಳಿಗೆ ಅಡ್ಡ ಹಲಗೆಯ ಸಂದು ತಗುಲಿತು. ಅವರು ಅಲ್ಲೇ ನಿಂತುಬಿಟ್ಟರು!

ಸಾವಕಾಶ ಎಡಕ್ಕೆ ತಿರುಗಿದರು. ಪಾದದಿಂದ ಓರೆ ಹಲಗೆಯನ್ನು ಹುಡುಕಿ, ಅದರ ಗುಂಟ ನಡೆದರು. ಹಲಗೆ ಮುಗಿದಲ್ಲಿ ನಿಂತು ಕೈ ಚಾಚಿದರು.

ನಂದಿಬಟ್ಟಲ ಟೊಂಗೆ ಕೈಗೆ ಬಂತು.

ವಾಸನೆ ಹಿಡಿದು ಹೋಗಲು ಅದು ಮಲ್ಲಿಗೆಯೂ ಅಲ್ಲ. ಕಣ್ಣಿಲ್ಲದ ತಾಯಿಯನ್ನು ಮರದ ಹಲಗೆಗಳು ಹೂವಿನ ತನಕ ಕರೆದೊಯ್ದಿದ್ದವು. ಗಂಗಾಧರ ಬಗ್ಗಿ ಹಲಗೆಗಳ ಸಂದನ್ನು ಕೈಯಿಂದ ಸವರಿ ನೋಡಿದ.

"ಇದು... ನಿನಗ ಹೆಂಗ ಹೊಳೀತೋ ಮೋನಪ್ಪಾ?"

"ಅವ್ವಾರನ್ನ ಕೇಳಿದ್ನಿರಿ. ಪೂಜೆ ಹೂವಿಗೆ ಚಪ್ಪಲಿ ಹಾಕ್ಕೊಂಡು ಹೋಗೂದಿಲ್ಲ, ಬರಿಗಾಲೀಲೆ ಹೋಗ್ತಿದ್ದೆ ಅಂದ್ರು. ಹಂಗಂದ್ರ ಕಾಲಿಗೆ ತಿಳಿಯೂ ಹಂಗ ಮಾಡೂಣಂತ... ಉದ್ದ ಹಲಗಿ ಮ್ಯಾಲೆ ನಡೀಬೇಕು, ಅಡ್ಡ ಬಂದ್ರ ನಿಲ್ಲಬೇಕು, ಓರೆ ಹಿಡದ್ರ ಹೂವಿನ ಗಿಡ... ಅವ್ವಾರಿಗೂ ಹಂಗ ಹೇಳಿಕೊಟ್ಟೀನ್ರಿ. ಎಷ್ಟು ದೂರಕ್ಕ ಏನು ಹಾಕಬೇಕಂತ ಮೊದಲ ಗೊತ್ತಾಗಲಿಲ್ರಿ. ಟವೆಲ್ ಕಣ್ಣಿಗೆ ಕಟಗೊಂಡು ನಾನ ಅಡ್ಡಾಡಿ ನೋಡಿದೆ."

ಅವನ ಮೊಣಕೈ ತರಚಿಹೋಗಿತ್ತು. "ಎರಡು ಸಲ ಬಿದ್ದೆ," ಅಂತ ನಕ್ಕ. "ಬಿದ್ದಲ್ಲಿ ಕಿತ್ತು ಮತ್ತ ಹಾಕೀನ್ರಿ. ರೇಲಿಂಗ್ ಇವತ್ತ ಕೂಡಸ್ತೀನಿ, ಗಿಡದ ಕಡೆ ಮಾತ್ರ ಕೈ ಹೋಗೂವಷ್ಟು ಜಾಗಾ ಬಿಡ್ತೀನಿ... ಈಗ ಹೇಳ್ರಿ, ಕೀಳಲೇನು?"

ಗಂಗಾಧರನ ಕಣ್ಣು ತುಂಬಿ ಬಂತು.

ಮೂರು ವರ್ಷ ಅವ್ವನಿಗೆ ಒಳ್ಳೆಯ ಡಾಕ್ಟರು, ಒಳ್ಳೆಯ ಹಾಸಿಗೆ, ಕಾವಲಿಗೆ ಆಳು... ಏನೆಲ್ಲ ಮಾಡಿದ್ದ. "ಅವ್ವಾ, ನಿನಗ ಏನು ಬೇಕು?" ಅಂತ ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಹಲಗೆ ಹಾಕಲು ಬಂದವನು ಮೊದಲ ದಿನವೇ ಕೇಳಿದ್ದ.

ಬೂಟು ಕಳಚಿ ಡೆಕ್ಕಿನ ಮೇಲೆ ಹೋದ. ಅವ್ವನ ಕೈ ಹಿಡಿದು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟ.

"ತಪ್ಪಾತವ್ವಾ... ಬಾ, ಒಳಗ ಕರಕೊಂಡು ಹೋಗ್ತೀನಿ."

ಬಸಲಿಂಗವ್ವ ಮಗನ ಕೆನ್ನೆ ಸವರಿದರು. ಆಮೇಲೆ ಮೆಲ್ಲಗೆ ತಮ್ಮ ಕೈ ಬಿಡಿಸಿಕೊಂಡರು.

"ಕೈ ಬಿಡಪ್ಪಾ... ಇನ್ನೂ ನಾಕು ಹೂವ ಹರೀಬೇಕು."

ನಮ್ಮವರನ್ನು ಕಾಪಾಡುವುದು ಅಂದರೆ ಬಾಗಿಲು ಮುಚ್ಚುವುದಲ್ಲ, ಅವರೇ ನಡೆದು ಹೋಗುವ ಹಾಗೆ ದಾರಿ ಮಾಡಿಕೊಡುವುದು.

ನಿಮ್ಮ ಮನೆಯ ಹಿರಿಯರಿಗೆ ನಿಜವಾಗಿ ಏನು ಬೇಕು ಅಂತ... ನೀವು ಕೊನೆಯ ಸಲ ಕೇಳಿದ್ದು ಯಾವಾಗ?