ಸುಲ್ತಾನ್ ಏಳರ ಕೂಗು

"ಇದು ಯಂತ್ರ ಅಲ್ಲ ಅತ್ತಿಗೆ, ಹಗಲುದರೋಡೆ!" ಶಿಬ್ಲಿ ಹಸಿರು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ. "ಮೂರು ದಿನ ಬೆಳಗಾಗೋ ಮೊದಲೇ ಹೋಗಿ ಕೂತೆ. ಒಂದು ಲಾವಕ್ಕಿ, ಒಂದೇ ಒಂದು, ಇಳೀಲಿಲ್ಲ!"

"ಮೆಲ್ಲಗೆ ಇಡು. ಕೆಳಗೆ ಗಾಜಿದೆ," ಎಂದಳು ವಿದಾದ್.

"ಒಡೀಲಿ! ಈ ಜಾಕೆಟ್ಟು ನೋಡಿ. ಹಕ್ಕಿಗೆ ಕಾಣಲ್ವಂತೆ! ಕಾಣಬೇಕಾಗೇ ಇಲ್ಲ, ತೋಳು ಎತ್ತಿದರೆ ಒಣ ರೊಟ್ಟಿ ಮುರಿದ ಹಾಗೆ ಸದ್ದು. ಬೂಟಿಗೆ ನೀರು ಇಳಿಯಲ್ವಂತೆ! ಮೊದಲನೇ ಕಾಲುವೇಲೇ ಹೊಟ್ಟೆ ತುಂಬ ಕುಡೀತು."

"ಅದೆಲ್ಲ ಡಬ್ಬದ ಮೇಲೆ ಬರೆದದ್ದು. ನಾನು ಹೇಳಿದ್ದಲ್ಲ."

"ಇದು? ಇದನ್ನ ಹೇಳಿದ್ದು ನೀವೇ ತಾನೇ?"

ಅದು ನಿಜ. ಹಕ್ಕಿ ಕರೆಯುವ ಯಂತ್ರ, ಹೆಸರು ಸುಲ್ತಾನ್ ಏಳು. ಡಬ್ಬದ ಮೇಲೆ ಸೊಂಟದ ತುಂಬ ಹಕ್ಕಿ ನೇತುಹಾಕಿಕೊಂಡ ಗಡ್ಡದವನ ಚಿತ್ರ. ಕಾರ್ಖಾನೆಯವರು ತುಂಬಿಸಿದ್ದು ಯಾವುದೋ ದೇಶದ ಹಕ್ಕಿಗಳ ಕೂಗು. ಬಿಕಾ ಬಯಲಿನ ಲಾವಕ್ಕಿಗೆ ಅದು ತಿಳಿಯದು ಎಂದು ವಿದಾದ್ ಪ್ರತಿ ಯಂತ್ರದೊಳಗೂ ಬೇರೆ ಮೆಮೊರಿ ಕಾರ್ಡು ಹಾಕಿ ಮಾರುತ್ತಿದ್ದಳು. ಅದರಲ್ಲಿದ್ದದ್ದು ಅವಳ ಗಂಡ ರಾಜಿ ಇದೇ ಬಯಲಿನಲ್ಲಿ ವರ್ಷಗಟ್ಟಲೆ ಅಂಗಾತ ಮಲಗಿ ಟೇಪಿನಲ್ಲಿ ಹಿಡಿದ ಕೂಗು.

ರಾಜಿಗೆ ಯಂತ್ರವೇ ಬೇಕಿರಲಿಲ್ಲ. ಬಾಯಿಂದಲೇ ಲಾವಕ್ಕಿಯಾಗುತ್ತಿದ್ದ. ನಾಲ್ಕು ವರ್ಷದ ಹಿಂದೆ ಗೋಧಿ ಕೊಯ್ದ ಹೊಲದಲ್ಲಿ ಹಾಗೇ ಕೂಗುತ್ತಿದ್ದಾಗ ಯಾರೋ ಹಕ್ಕಿಯೆಂದೇ ತಿಳಿದು ಗುಂಡು ಹಾರಿಸಿದರು. ಆ ಬೆಳಗ್ಗೆ ಹೊಲದಲ್ಲಿ ಐದು ಬಂದೂಕುಗಳಿದ್ದವು. ಶಿಬ್ಲಿಯದೂ ಒಂದು. ಐವರೂ ಹೆಣಕ್ಕೆ ಹೆಗಲು ಕೊಟ್ಟರು. ನನ್ನ ಗುಂಡು ಎಂದು ಒಬ್ಬನೂ ಹೇಳಲಿಲ್ಲ. ವಿದಾದ್ ನಲವತ್ತು ದಿನ ಅಂಗಡಿ ಮುಚ್ಚಿದಳು, ಆಮೇಲೆ ತೆರೆದಳು. ಹೆಂಗಸಿಗೆ ಹೊಟ್ಟೆಪಾಡು, ಮಾಡಲಿ ಎಂದಿತು ಊರು.

"ಭಾನುವಾರ ಬೀಗರು ಬರ್ತಾರೆ," ಎಂದ ಶಿಬ್ಲಿ. "ಮೂವತ್ತು ಲಾವಕ್ಕಿ, ನನ್ನ ಕೈಯಿಂದಲೇ ಹೊಡೆದದ್ದು, ಹುರಿದು ದಾಳಿಂಬೆ ರಸ ಸುರಿದು ಬಡಿಸ್ತೀನಿ ಅಂತ ಹುಡುಗನ ಅಪ್ಪ ಅಬು ಮುರ್ಷಿದ್‌ಗೆ ಎಲ್ಲರೆದುರು ಮಾತು ಕೊಟ್ಟಿದ್ದೀನಿ. ಮಗಳ ಸಂಬಂಧ ಅತ್ತಿಗೆ! ತಟ್ಟೆ ಖಾಲಿ ಇದ್ದರೆ ಆ ಮನುಷ್ಯ ಹುಡುಗೀನ ನೋಡಲ್ಲ, ನನ್ನ ಮುಖ ನೋಡಿ ನಗ್ತಾನೆ."

"ಪಕ್ಕದ ಕೋಳಿ ಅಂಗಡೀಲಿ ಸಾಕಿದ ಲಾವಕ್ಕಿ ಇದಾವಲ್ಲ."

"ಸಾಕಿದ್ದಾ? ಅಗಿಯುವಾಗ ಹಲ್ಲಿಗೆ ತೋಟಾದ ಸೀಸದ ಕಾಳು ಸಿಗಲಿಲ್ಲ ಅಂದ್ರೆ ಅವನಿಗೆ ಗೊತ್ತಾಗಿಬಿಡತ್ತೆ."

"ಸೀಸಕ್ಕೆ ನಿಮ್ಮಲ್ಲಿ ಬರವೇ? ಹುರಿಯುವಾಗ ಒಂದು ಹಿಡಿ ಹಾಕು."

ಶಿಬ್ಲಿ ಕೆಂಪಾದ. "ಇಡೀ ಪೇಟೆಗೆ ಹೇಳ್ತೀನಿ, ಸುಲ್ತಾನ್ ಅನ್ನೋದು ಬೊಗಳೆ ಅಂತ!"

"ಹೇಳು. ನಿನ್ನೆ ಕಾಫಿ ಅಂಗಡೀಲಿ ಎಷ್ಟು ಹೊಡೆದೆ ಅಂದೆ?"

ಅವನು ಜಾಕೆಟ್ಟಿನ ಗುಂಡಿ ತಿರುವತೊಡಗಿದ.

"ಎಷ್ಟು?"

"ಹದಿನೆಂಟು."

"ಅದನ್ನ ಕೇಳಿಯೇ ಇವತ್ತು ಇಬ್ಬರು ಬಂದು ಸುಲ್ತಾನ್ ತಗೊಂಡು ಹೋದರು. ನೀನು ಇದನ್ನ ಕೊಳ್ಳೋಕೆ ಬಂದದ್ದೂ ನಿನ್ನ ಬೇಟೆ ಜೊತೆಗಾರ ಫಾರಿಸ್ ಇಪ್ಪತ್ತು ಹೊಡೆದೆ ಅಂದದ್ದು ಕೇಳಿ."

"ಫಾರಿಸ್ ಬಂದೂಕನ್ನೇ ಮಾರಿಬಿಟ್ಟ! ಯಾಕೆ ಅಂತ ಕೇಳಿದ್ರೆ ಸೊಂಟ ನೋವು ಅಂದ." ಶಿಬ್ಲಿ ಮೇಜನ್ನು ಗುದ್ದಿದ. "ಠಾಣೆಗೆ ಹೋಗ್ತೀನಿ."

"ಹೋಗು. ಈ ಯಂತ್ರ ಇಟ್ಟುಕೊಳ್ಳೋದೇ ಅಪರಾಧ. ಮೊದಲು ನಿನ್ನನ್ನೇ ಕೂರಿಸ್ತಾರೆ, ಆಮೇಲೆ ನನ್ನ."

"ಸರಿ, ಈಗ ಹಾಕಿ ಇದನ್ನ. ನನ್ನ ಎದುರಿಗೇ."

ವಿದಾದ್ ಗುಂಡಿ ಒತ್ತಿದಳು. ತೆಳ್ಳಗಿನ, ನಡುಗುವ ಕೂಗು ಅಂಗಡಿ ತುಂಬಿತು. ಬೆಳಗಿನಿಂದ ಗದ್ದಲವೆಬ್ಬಿಸುತ್ತಿದ್ದ ಪಕ್ಕದ ಅಂಗಡಿಯ ಗೂಡುಗಳು ಒಮ್ಮೆಲೇ ತಣ್ಣಗಾದವು. ಅಲ್ಲಿಯವನು ಕೆಮ್ಮಿದ್ದು ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು.

ಶಿಬ್ಲಿ ದೊಡ್ಡ ಪಂಡಿತನ ಹಾಗೆ ತಲೆ ಓರೆ ಮಾಡಿ ಆಲಿಸಿದ. ಮೂವತ್ತು ವರ್ಷ ಬಂದೂಕಿನ ಸದ್ದು ಕೇಳಿದ ಕಿವಿ ಅದು.

"ಲಾವಕ್ಕಿಯೇ," ಎಂದು ಒಪ್ಪಿಕೊಂಡ. "ತಪ್ಪಿಲ್ಲ. ಮತ್ತೆ ಯಾಕೆ ಹೀಗೆ? ಮೊನ್ನೆ ಹೊಲದಲ್ಲಿ ಒಂದು ಗುಂಪೇ ಇತ್ತು. ಕಣ್ಣಾರೆ ಕಂಡೆ. ಗುಂಡಿ ಒತ್ತಿದೆ, ಖಾಲಿ!"

"ಹಾಗಾದ್ರೆ ಕೇಳಿಸಿದೆ."

"ಏನಂದ್ರಿ?"

"ಯಂತ್ರ ಕೆಟ್ಟಿಲ್ಲ ಅಂದೆ."

"ಆಣೆ ಮಾಡಿ."

ವಿದಾದ್ ಅವನ ಕಣ್ಣನ್ನೇ ನೋಡಿದಳು. "ರಾಜಿಯ ಗೋರಿ ಮೇಲಾಣೆ. ಇದು ಲಾವಕ್ಕಿ ಲಾವಕ್ಕಿಯನ್ನ ಕೂಗುವ ಕೂಗು. ಒಂದು ಸ್ವರವನ್ನೂ ನಾನು ತಿದ್ದಿಲ್ಲ."

ಆ ಹೆಸರು ಕೇಳಿದ ಮೇಲೆ ಶಿಬ್ಲಿ ನೆಲ ನೋಡಿದ. ಜಾಕೆಟ್ಟು ಕಳಚಿದ. ಸೊಂಟದ ತೋಟಾಪಟ್ಟಿ ಬಿಚ್ಚಿ ಅದರ ಮೇಲೆ ಎಸೆದ.

"ಎಲ್ಲಾ ಮಾರಿಬಿಡಿ. ನಾಳೆ ನಾನು ಹೊಲಕ್ಕೆ ಹೋಗಲ್ಲ, ಯಾವತ್ತೂ ಹೋಗಲ್ಲ. ಹಕ್ಕಿಗಳು ಗೆದ್ದವು. ಭಾನುವಾರ ಕುರಿ ಕೊಯ್ತೀನಿ. ಮಗಳಿಗೆ ಗಂಡು ಬೇಕು, ನನಗೆ ಬಿರುದು ಬೇಡ. ಅಬು ಮುರ್ಷಿದ್ ನಗೋದಾದ್ರೆ ನಗಲಿ."

ಬಾಗಿಲನ್ನು ಒದ್ದು ತೆರೆದು ನಡೆದುಬಿಟ್ಟ. ಆ ವಾರವೂ ಬರಲಿಲ್ಲ, ಮುಂದಿನ ಬೇಟೆಯ ಕಾಲಕ್ಕೂ ಬರಲಿಲ್ಲ.

ವಿದಾದ್ ಯಂತ್ರದ ಧೂಳು ಒರೆಸಿ ಹೊಸ ಡಬ್ಬದಲ್ಲಿಟ್ಟಳು. ಇನ್ನೂ ಮೂರು ಕಾರ್ಡು ತುಂಬಿಸಬೇಕಿತ್ತು. ಹಳೆಯ ಟೇಪ್‌ರೆಕಾರ್ಡರ್ ತೆರೆದು ಕ್ಯಾಸೆಟ್ಟು ಹಾಕುವ ಮೊದಲು, ಅದರ ಮೇಲೆ ಗಂಡ ಬರೆದ ಸೊಟ್ಟ ಅಕ್ಷರಗಳನ್ನು ಎಂದಿನಂತೆ ಇನ್ನೊಮ್ಮೆ ಓದಿಕೊಂಡಳು.

"ಲಾವಕ್ಕಿ: ಗಿಡುಗ ಕಂಡ ತಾಯಿ ಮರಿಗಳಿಗೆ ಓಡಿ ಎನ್ನುವುದು."