ಸೂಪಿಗೆ ಸಿಡಿದ ಮಜ್ಜಿಗೆ

ಮಿರಿಯಂ ಆಂಟಿ ಪಾತ್ರೆಯ ಸಮೇತ ಸೂಪನ್ನು ಎಸೆಯಬಹುದಿತ್ತು, ಸಂಜೆಯ ನೆಂಟರು ಉಪವಾಸ ಬೀಳಬಹುದಿತ್ತು, ಅಮೆರಿಕದ ಪ್ಲೇನೋ ಊರಿನಲ್ಲಿ ನಮ್ಮನ್ನು ಅಡುಗೆಮನೆಯವರೆಗೂ ಬಿಟ್ಟುಕೊಳ್ಳುತ್ತಿದ್ದ ಒಂದೇ ಮನೆಯ ಬಾಗಿಲು ಮುಚ್ಚಬಹುದಿತ್ತು. ನನಗೀಗ ವಯಸ್ಸು ಐವತ್ತಾದರೂ ಮಜ್ಜಿಗೆಯ ವಾಸನೆ ಬಂದರೆ ಈ ಪಟ್ಟಿಯನ್ನು ಮೊದಲಿನಿಂದ ಎಣಿಸುತ್ತೇನೆ.

ಯಹೂದಿಗಳು ಮಾಂಸಕ್ಕೆ ಹಾಲು, ಮೊಸರು ತಾಗಿಸುವುದಿಲ್ಲ. ಪಕ್ಕದ ಮನೆಯ ಆ ಆಂಟಿಯ ಕೋಳಿ ಸೂಪಿಗೆ ನನ್ನ ಲೋಟದಿಂದ ಒಂದು ಹನಿ ಮಜ್ಜಿಗೆ ಸಿಡಿದಿತ್ತು. ಅವರು ತಮ್ಮ ಗುರುಗಳಾದ ರಬ್ಬಿಗೆ ಫೋನ್ ಮಾಡಿದರು. ಪಾತ್ರೆ ಎಷ್ಟು ದೊಡ್ಡದೆಂದು ಕೇಳಿದ ರಬ್ಬಿ, ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಬಿದ್ದರೆ ದೋಷವಿಲ್ಲ, ಬಡಿಸಿ ಎಂದರಂತೆ.

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಏಕಾದಶಿಯೆಂದು ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆಗೂ ಏನೂ ತಿನ್ನದೆ ಅವರು ಸುಸ್ತಾಗಿ ಗೋಡೆಗೊರಗಿ ಕೂತಿದ್ದರು.

"ಇಷ್ಟು ಸಲೀಸಾಗಿ ಆಗುತ್ತೆ ಅಂದ್ರಾ? ಓದಿದೋರೇನಾ ಅವರು?"

"ಬೇಡ ಅನ್ನೋಕೆ ಯಾರಿಗಾದ್ರೂ ಬರುತ್ತಂತೆ ಅಜ್ಜಿ. ಆಗುತ್ತೆ ಅನ್ನೋಕೇ ಓದಿರಬೇಕಂತೆ. ಆಂಟಿ ಹೇಳಿದ್ರು."

ಅಜ್ಜಿ ಮಾತ್ರೆಯ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಮಾತ್ರೆಗೆ ಎರಡು ತುತ್ತು ಮೊಸರನ್ನ ತಿಂದ್ರೆ ಆಗುತ್ತಾ ಅಂತ ಆ ಗುರುಗಳನ್ನೇ ಕೇಳ್ಕೊಂಡು ಬಾ. ಯಾರಿಗೆ ಅಂತ ಹೇಳ್ಬೇಡ."

ಕೊನೆಗೆ ಕೆಟ್ಟಿದ್ದು ಆ ಏಕಾದಶಿ ಒಂದೇ.