ಚೀಟಿ ಡಬ್ಬಿ

ಒಂಬತ್ತನೇ ತರಗತಿಯವರು ಕಂಪ್ಯೂಟರ್ ಪ್ರಾಜೆಕ್ಟಿಗೆಂದು ಮಾಡಿದ ಪ್ರೋಗ್ರಾಮಿಗೆ 'ಚೀಟಿ ಡಬ್ಬಿ' ಎಂದು ಹೆಸರಿಟ್ಟಿದ್ದರು. ಗುಂಡಿ ಒತ್ತಿದರೆ ತರಗತಿಯಲ್ಲಿ ಯಾರದೋ ಒಬ್ಬರ ಹೆಸರು ಪರದೆಯ ಮೇಲೆ ಬರುತ್ತಿತ್ತು. ಆ ಹೆಸರಿನವರು ಎದ್ದು ನಿಂತು ಪಾಠದ ಪ್ರಶ್ನೆಗೆ ಉತ್ತರ ಹೇಳಬೇಕು. ಮಾತು ತೊದಲುವ ತನುಜಾಳ ಗ್ರಹಚಾರವೋ ಏನೋ, ಮತ್ತೆ ಮತ್ತೆ ಅವಳ ಹೆಸರೇ ಬರುತ್ತಿತ್ತು. ಅವಳು ಬಾಯಿ ತೆರೆದರೆ ಸಾಕು, ಹಿಂದಿನ ಬೆಂಚು ಕಿಸಕ್ಕೆನ್ನುತ್ತಿತ್ತು.

"ನಾನೇನ್ ಮಾಡ್ಲಮ್ಮಾ, ಕಂಪ್ಯೂಟರ್ ಕರೀತಿದೆ," ಎಂದು ಮೇಡಂ ಅವಳ ಬೆನ್ನು ಸವರುತ್ತಿದ್ದರು.

ಪ್ರಾಜೆಕ್ಟ್ ಮುಗಿದ ದಿನ ಮೇಡಂ, "ಇದ್ರಿಂದ ಏನೇನ್ ಕಲಿತ್ರಿ, ಒಬ್ಬೊಬ್ರಾಗಿ ಹೇಳಿ," ಎಂದರು. ತನುಜಾ ಯಾರೂ ಕರೆಯುವ ಮೊದಲೇ ಎದ್ದಳು.

"ಮ... ಮೇಡಂ, ದಿನಾ ಎದ್ದೂ ಎದ್ದೂ ನಂಗೆ ಭ... ಭಯ ಹೋಯ್ತು. ಮನುಷ್ಯರ ಥರ ಕ... ಕಂಪ್ಯೂಟರ್ ಭೇದ ಮಾಡಲ್ಲ ಅಂತ ಕ... ಕಲಿತೆ."

ಈ ಸಲ ಯಾರೂ ನಗಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವರು ಮೇಡಂ. ಆಮೇಲೆ ತರಗತಿಯೇ ತಟ್ಟಿತು. ಕೂರುವಾಗ ತನುಜಾಳ ಕಣ್ಣು ತುಂಬಿ ಬಂದಿತ್ತು.

ಮೇಡಂ, ಪ್ರೋಗ್ರಾಮ್ ಬರೆದಿದ್ದ ನಮಿತಾಳತ್ತ ತಿರುಗಿದರು. "ನೀನೇನ್ ಕಲಿತೆ?"

ಚಪ್ಪಾಳೆ ತನಗೂ ಬರಲೆಂದು ನಮಿತಾ ಚಂಗನೆ ಎದ್ದಳು.

"ಒಬ್ಬರ ಹೆಸರನ್ನೇ ಡಬ್ಬಿಗೆ ಹತ್ತಾರು ಸಲ ಹಾಕಿಟ್ರೆ ಜಾಸ್ತಿ ಅದೇ ಬರತ್ತೆ ಅಂತ ಕಲಿತೆ ಮೇಡಂ. ನೀವೇ ಹೇಳಿದ್ರಲ್ಲ, ಪಾಠ ಬೋರಾದಾಗ ಎಲ್ರೂ ಒಂಚೂರು ನಗ್ಲಿ ಅಂತ!"